ಗುತ್ತಲ ಕಡಿ ತುಂಗಭದ್ರಾ ಹೊಳಿ ದಂಡಿ, ಹರಗೋಲು: 11 ವರ್ಷ ದಾಟಿದ ಮ್ಯಾಲ ಬರ್ದದ್ದು

ಹಾವೇರಿ ಜಿಲ್ಲೆದಾಗ ಗುತ್ತಲ ಕಡಿ ಹೊಳಿ ದಂಡಿಗೆ ನಮ್ಮೂರು, ಅಕ್ಕನ್ನ ಕೊಟ್ಟಿದ್ದು ಆಚಿ ದಂಡಿ ಹೂವಿನಹಡಗಲಿ ಸೀಮಿಗೆ. ಹಿಂಗಾಗಿ 2014ರಿಂದ ತಿಂಗಳಿಗೆ ಎರಡ್ಮೂರು ಸಲ ಹರಗೋಲಿನ್ಯಾಗ ದಾಟೂದು ಐತಿ, ಬ್ರಿಜ್ ಮ್ಯಾಲಿಂದ ಹೋದ್ರ ಭಾಳ ಸುತ್ತು. ಈಗ ಸಿಟಿಯಿಂದ ಫೋಟೋ ತಗಿಯಾಕ ಬರೋರೂ ಹೆಚ್ಚಾಗ್ಯಾರ, ಅದಕ್ಕ ಬರೀಲಿಕತ್ತೇನಿ.

ಹರಗೋಲಿಗೆ ನಾ 5ಕ್ಕ 5 ಕೊಡ್ತೇನಿ. ಬಿದಿರು ಸೀಳಿ ಹೆಣದು, ಹೊರಗ ಪ್ಲಾಸ್ಟಿಕ್ ಚೀಲ ಹೊಚ್ಚಿ ಡಾಂಬರು ಬಳದಿರ್ತಾರ, ಮೊದಲ ಚರ್ಮ ಹಾಕ್ತಿದ್ರಂತ. ತಳ ಚಪ್ಪಟಿ ಇರೋದ್ರಿಂದ ಮೊಳಕಾಲಮಟ ನೀರಿದ್ರೂ ತೇಲತೈತಿ, ಕಲ್ಲಿಗೆ ಬಡದ್ರೂ ಬಿದಿರು ಬಾಗತೈತಿ ಹೊರತು ಒಡಿಯೂದಿಲ್ಲ. ನನ್ನ ಬೈಕನ್ನೂ ಅದರಾಗ ಎಷ್ಟೋ ಸಲ ದಾಟಿಸೇನಿ. ಗುಂಡಗಿರೂದ್ರಿಂದ ತಿರುಗತೈತಿ ಖರೆ, ನಡುವ ಯಾರೂ ಎದ್ದು ನಿಂದ್ರಬಾರ್ದು, ಸುತ್ತ ಸಮ ಆಗಿ ತಳದಾಗ ಕುಂತ್ರ ಏನೂ ಆಗೂದಿಲ್ಲ.

ತ್ರಾಸು ಇರೂದು ದಂಡಿದು. ಹರಗೋಲು ಹತ್ತೂ ಜಾಗ ಅಂತ ಒಂದು ಕಾಯಂ ಇಲ್ಲ, ನೀರು ಏರಿದಂಗ ಇಳದಂಗ ಅದೂ ಸರೀತೈತಿ, ಮತ್ತ ಸೆಳವು ಕೆಳಗ ಎಳಿಯೂದ್ರಿಂದ ಅಂಬಿಗರು ಹರಗೋಲನ್ನ ತಲಿ ಮ್ಯಾಲ ಹೊತ್ಕೊಂಡು ದಂಡಿಗುಂಟ ಮ್ಯಾಲಕ್ಕ ಹೋಗಿ ಅಲ್ಲಿಂದ ಓರಿ ಹಿಡದು ಬಿಡ್ತಾರ, ನಾವೂ ಅವರ ಹಿಂದ ರಾಡಿ ತುಳಕೋತ ನಡೀಬೇಕು. 2019ರ ಆಗಸ್ಟ್ ನೆರಿ ಬಂದಾಗ ದಂಡಿ ಕುಸದು ಮೊದಲಿದ್ದ ಇಳಿಜಾರ ಹಾದಿನೂ ಹೋತು. ಅದಕಿಂತ ಕೆಟ್ಟದ್ದು ಮರಳು ತಗದ ತಗ್ಗು. ಮ್ಯಾಲಿಂದ ನೋಡಿದ್ರ ನೀರು ಎಲ್ಲಾ ಕಡಿ ಒಂದ ನಮೂನಿ ಕಾಣ್ತೈತಿ. 2021ರಾಗ ದಂಡಿಯಿಂದ ಎರಡ ಹೆಜ್ಜಿ ಇಟ್ಟಿದ್ದೆ, ಒಮ್ಮೆಲೆ ಎದಿಮಟ ಇಳದೆ, ಕಾಲಿಗೆ ನೆಲಾನ ಸಿಗವಲ್ದು. ಅಂಬಿಗ ಕಾಕಾ ಹುಟ್ಟು ಚಾಚಿ "ಹಿಡ್ಕೋ ತಮ್ಮಾ, ಕಾಲು ಬಡೀಬ್ಯಾಡ" ಅಂದ್ರು, ಅದನ್ನ ಹಿಡದ ಮ್ಯಾಲ ಬಂದೆ. ಫೋನು ಹೋತು, ಜೀವ ಉಳೀತು. ಅವತ್ತಿಂದ ಅಂಬಿಗರು ಹುಟ್ಟು ಊರಿ ತೋರ್ಸಿದ ಕಡಿನ ಕಾಲಿಡ್ತೇನಿ.

ನಮ್ಮವ್ವಗ 70 ದಾಟೇತಿ. ಆಕಿ ಹತ್ತುವಾಗ ಕಾಕಾ ಒಂದು ಕಾಲು ಹರಗೋಲಿನ ಅಂಚಿನ ಮ್ಯಾಲ ಒತ್ತಿ ಹಿಡದು, ಹುಟ್ಟು ನೆಲಕ್ಕ ಊರಿ "ಯವ್ವಾ, ನನ್ನ ಭುಜ ಹಿಡ್ಕೊಂಡು ನಡುವ ಕಾಲಿಡು" ಅಂತಾರ, ಎಷ್ಟ ಜನ ಕಾಯ್ತಿದ್ರೂ ಅವಸರ ಮಾಡೂದಿಲ್ಲ. ನಾಕು ಮೆಟ್ಟಿಲು, ಹಿಡ್ಕೊಳ್ಳಾಕ ಒಂದು ಕಬ್ಬಿಣದ ಪೈಪು ಇದ್ರ ಆಕಿಗೆ ಇಷ್ಟು ಕಷ್ಟ ಇರ್ತಿದ್ದಿಲ್ಲ. 12ನೇ ಶತಮಾನದ ಅಂಬಿಗರ ಚೌಡಯ್ಯನೋರ ಚೌಡಯ್ಯದಾನಪುರ ಇದ ಹೊಳಿ ದಂಡಿಗೆ ಐತಿ, ಅಂಥಾ ಹೊಳಿಯೊಳಗ ಇವತ್ತೂ ಹುಟ್ಟು ಹಾಕೋರಿಗೆ ಕುಂದ್ರಾಕ ಒಂದು ನೆಳ್ಳಿಲ್ಲ ಅಂದ್ರ ಹೊಟ್ಟಿ ಉರೀತೈತಿ.

ಟೈಮ್ ವಿಚಾರ. ಇಲ್ಲಿ ಬಿಸಲು ಹೊಡೀತಿದ್ರೂ ಶಿವಮೊಗ್ಗ ಕಡಿ ಮಳಿ ಹಿಡದು ಗಾಜನೂರು ಡ್ಯಾಮ್ ಗೇಟ್ ತಗದ್ರ ನಮ್ಮ ಕಡಿ ನೀರು ಏರತೈತಿ, ಜೂನ್ ಜುಲೈದಾಗ ಸುದ್ದಿ ಕೇಳದ ಬರಬ್ಯಾಡ್ರಿ. ಗಳಗನಾಥದಾಗ ವರದಾ ಕೂಡೂ ಜಾಗದಾಗಂತೂ ಕೆಂಪು ನೀರು ಬಂದಾಗ ಸೆಳವು ಎತ್ತಾಗ ಎಳೀತೈತಿ ತಿಳಿಯೂದಿಲ್ಲ. ನೀರು ತಿಳಿಯಾಗಿರೂ ನವೆಂಬರದಿಂದ ಫೆಬ್ರವರಿ ಚಲೋ. 2024ರ ಬ್ಯಾಸಗಿಗೆ ಹರಗೋಲೇ ಬೇಕಾಗ್ಲಿಲ್ಲ, ಮರಳಾಗ ನಡಕೋತ ದಾಟಿದ್ವಿ.

ಮೈಲಾರ ಜಾತ್ರಿ ಟೈಮಿಗೆ ಗದ್ಲ ಭಾಳ, ಆಗ ಮಂದಿ ಹೆಚ್ಚು ತುಂಬಿದ್ರ ಹತ್ತಬ್ಯಾಡ್ರಿ, ಮುಂದಿನದಕ್ಕ ನಿಲ್ರಿ. ಲೈಫ್ ಜಾಕೆಟ್ ಇರೂದಿಲ್ಲ, ನಾ ಈಗ ನನ್ನ ಸ್ವಂತದ್ದು ಎರಡು ತಂದು ಇಟ್ಟೇನಿ, ಒಂದು ನಮ್ಮವ್ವಗ, ಒಂದು ಅಕ್ಕನ ಮಗಗ. ದಂಡಿಗೆ 2 ಸ್ಟಾರ್, ಮೆಟ್ಟಿಲು ಕಟ್ಟಿದ ದಿನ ಬಂದು ತಿದ್ದತೇನಿ.