ಪೈಥಾನ್‌ನ ಎಸ್‌ಎಂಟಿಪಿಲಿಬ್: ಕೆಲಸಕ್ಕೆ ಗಟ್ಟಿ, ಎಚ್ಚರಿಸುವುದರಲ್ಲಿ ಹಿಂದೆ

ಪೈಥಾನ್ ಇನ್‌ಸ್ಟಾಲ್ ಆಗಿದ್ದರೆ ಮೇಲ್ ಕಳಿಸುವ ಸಲಕರಣೆಯೂ ಕೈಯಲ್ಲೇ ಇದೆ. ಮೇಲ್ ಸರ್ವರ್ ಜೊತೆ ಎಸ್‌ಎಂಟಿಪಿ ಎಂಬ ಮೇಲ್ ಸಾಗಿಸುವ ನಿಯಮದಲ್ಲಿ ಮಾತಾಡಲು ಎಸ್‌ಎಂಟಿಪಿಲಿಬ್, ಮೆಸೇಜ್ ಕಟ್ಟಲು ಇಮೇಲ್ ಪ್ಯಾಕೇಜ್, ಎರಡೂ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಬರುತ್ತವೆ. ರಾತ್ರಿ ಬ್ಯಾಕಪ್ ಮುಗಿದ ವರದಿ, ಪಾಸ್‌ವರ್ಡ್ ಬದಲಿಸುವ ಲಿಂಕ್, ತಿಂಗಳ ಬಿಲ್ಲಿನ ಪಿಡಿಎಫ್, ಇಂಥವಕ್ಕೆ ಹೊರಗಿನ ಪ್ಯಾಕೇಜ್ ಹುಡುಕಬೇಕಾಗಿಲ್ಲ. ಕೊರತೆ ಇರುವುದು ಬೇರೆ ಕಡೆ. ಸರ್ಟಿಫಿಕೇಟ್ (ಸರ್ವರ್‌ನ ಗುರುತುಪತ್ರ) ಪರೀಕ್ಷೆ, ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕು ಎಂಬ ಮಿತಿ), ಸರ್ವರ್ ಒಪ್ಪದ ವಿಳಾಸಗಳು, ಈ ಮೂರು ವಿಷಯದಲ್ಲಿ ಲೈಬ್ರರಿ ತಾನಾಗಿ ಏನೂ ಹೇಳುವುದಿಲ್ಲ. ಕೆಟ್ಟುಹೋದ ಮೇಲ್ ಸ್ಕ್ರಿಪ್ಟುಗಳಲ್ಲಿ ಬಹಳಷ್ಟು ಕೆಡುವುದೂ ಇಲ್ಲೇ.

ಮೊದಲು ಮೆಸೇಜ್ ಕಟ್ಟುವ ಭಾಗ. ಇದು ನಿಜಕ್ಕೂ ಚೆನ್ನಾಗಿದೆ. ಹಳೆಯ ಪಾಠಗಳಲ್ಲಿ ಸಿಗುವ ಮೈಮ್‌ಮಲ್ಟಿಪಾರ್ಟ್, ಮೈಮ್‌ಟೆಕ್ಸ್ಟ್ ಕ್ಲಾಸುಗಳ ಜೋಡಣೆಯನ್ನು ಬಿಟ್ಟುಬಿಡಿ. ಪೈಥಾನ್ 3.6ರಿಂದ ಇಮೇಲ್‌ಮೆಸೇಜ್ ಕ್ಲಾಸೇ ಅಧಿಕೃತ ದಾರಿ. ಸೆಟ್_ಕಂಟೆಂಟ್‌ನಿಂದ ಸಾದಾ ಪಠ್ಯ, ಆಡ್_ಆಲ್ಟರ್ನೇಟಿವ್‌ನಿಂದ ಎಚ್‌ಟಿಎಂಎಲ್ ರೂಪ, ಕೊನೆಗೆ ಆಡ್_ಅಟ್ಯಾಚ್‌ಮೆಂಟ್‌ನಿಂದ ಫೈಲು. ಈ ಕ್ರಮ ತಪ್ಪಬಾರದು. ಅಟ್ಯಾಚ್‌ಮೆಂಟ್ ಮೊದಲು ಸೇರಿಸಿ ಆಮೇಲೆ ಎಚ್‌ಟಿಎಂಎಲ್ ಹಾಕಲು ಹೋದರೆ ವ್ಯಾಲ್ಯೂಎರರ್ ಬರುತ್ತದೆ, ಏಕೆಂದರೆ ಅಷ್ಟರಲ್ಲಿ ಮೆಸೇಜ್ 'ಮಿಕ್ಸ್ಡ್' (ಬೇರೆ ಬೇರೆ ಭಾಗಗಳ ಕಟ್ಟು) ಆಗಿರುತ್ತದೆ, ಅದನ್ನು 'ಆಲ್ಟರ್ನೇಟಿವ್' (ಒಂದೇ ವಿಷಯದ ಬೇರೆ ಬೇರೆ ರೂಪಗಳು) ಮಾಡಲು ಬರುವುದಿಲ್ಲ. ಸಾದಾ ಪಠ್ಯ ಮುಂದೆ, ಎಚ್‌ಟಿಎಂಎಲ್ ಹಿಂದೆ ಇರಬೇಕು ಎನ್ನುವುದಕ್ಕೂ ಕಾರಣವಿದೆ: ಓದುವ ಆ್ಯಪ್ ತನಗೆ ತೋರಿಸಲು ಸಾಧ್ಯವಿರುವ ರೂಪಗಳಲ್ಲಿ ಕೊನೆಯದನ್ನು ಆರಿಸಿಕೊಳ್ಳುತ್ತದೆ.

ಕನ್ನಡದಲ್ಲಿ ಮೇಲ್ ಕಳಿಸುವವರಿಗೆ ಈ ಕ್ಲಾಸ್ ದೊಡ್ಡ ಅನುಕೂಲ. ಸಬ್ಜೆಕ್ಟ್‌ನಲ್ಲಿ 'ನಿಮ್ಮ ರಸೀದಿ' ಎಂದು ನೇರ ಬರೆದರೆ ಸಾಕು, ಹೆಡರ್‌ಗೆ ಬೇಕಾದ ಎನ್‌ಕೋಡಿಂಗ್ ಅದೇ ಮಾಡಿಕೊಳ್ಳುತ್ತದೆ. ಒಡಲಿಗೆ ಯುಟಿಎಫ್-8 ಹಚ್ಚುವುದೂ, ಕನ್ನಡ ಹೆಸರಿನ ಫೈಲನ್ನು ಸರಿಯಾಗಿ ಸುತ್ತಿ ಕೊಡುವುದೂ ಅದರದೇ ಕೆಲಸ. ವಿಳಾಸದಲ್ಲಿ, @ ಚಿಹ್ನೆಯ ಎಡಕ್ಕೇ ಕನ್ನಡ ಅಕ್ಷರ ಇದ್ದರೆ ಮಾತ್ರ ಇಂಥ ವಿಳಾಸಗಳಿಗೆಂದು ಇರುವ ಎಸ್‌ಎಂಟಿಪಿಯುಟಿಎಫ್8 ವಿಸ್ತರಣೆಯನ್ನು ಸರ್ವರ್ ಬೆಂಬಲಿಸಲೇಬೇಕು. ಇಲ್ಲದಿದ್ದರೆ ಎಸ್‌ಎಂಟಿಪಿನಾಟ್‌ಸಪೋರ್ಟೆಡ್‌ಎರರ್ ಬರುತ್ತದೆ.

ಅಟ್ಯಾಚ್‌ಮೆಂಟ್ ವಿಷಯದಲ್ಲಿ ಎರಡು ಮಾತು. ಫೈಲನ್ನು 'ಆರ್‌ಬಿ' ಮೋಡ್‌ನಲ್ಲಿ ತೆರೆದು ಬೈಟ್‌ಗಳನ್ನು ಕೊಡಿ, ಜೊತೆಗೆ ಮೇನ್‌ಟೈಪ್, ಸಬ್‌ಟೈಪ್, ಫೈಲ್‌ನೇಮ್ ಮೂರನ್ನೂ ಬರೆಯಿರಿ. ಪಿಡಿಎಫ್‌ಗೆ ಮೊದಲೆರಡು 'ಅಪ್ಲಿಕೇಶನ್' ಮತ್ತು 'ಪಿಡಿಎಫ್'. ಗಾತ್ರದ ಲೆಕ್ಕವನ್ನೂ ಮರೆಯಬೇಡಿ. ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿ ಬರೆಯುವ ಬೇಸ್64 ರೂಪಕ್ಕೆ ಬಂದ ಮೇಲೆ ಫೈಲು ಮೂರನೇ ಒಂದಕ್ಕಿಂತ ತುಸು ಹೆಚ್ಚೇ ಹಿಗ್ಗುತ್ತದೆ. 25 ಎಂಬಿ ಮಿತಿ ಇಟ್ಟಿರುವ ಸರ್ವರ್‌ಗೆ 20 ಎಂಬಿಯ ಫೈಲು ಹೋಗದಿರುವುದು ಇದಕ್ಕೇ.

ಹಲವರಿಗೆ ಒಂದೊಂದಾಗಿ ಕಳಿಸುವ ಲೂಪ್‌ನಲ್ಲಿ ಒಂದು ಅಪಾಯವಿದೆ, ಇದನ್ನು ಒತ್ತಿ ಹೇಳಬೇಕು. ಮೆಸೇಜ್‌ನ 'ಟು' ಹೆಡರ್‌ಗೆ ಹೊಸ ವಿಳಾಸ ಕೊಟ್ಟರೆ ಹಳೆಯದು ಅಳಿಸಿಹೋಗುತ್ತದೆ ಎಂದು ಅನ್ನಿಸುತ್ತದೆ, ಬರೆಯುವ ರೀತಿಯೂ ಹಾಗೇ ಕಾಣುತ್ತದೆ. ಹಾಗಾಗುವುದಿಲ್ಲ, ಹೊಸದು ಹಳೆಯದರ ಜೊತೆ ಸೇರುತ್ತದೆ. ಹಳೆಯ ಮೈಮ್ ಕ್ಲಾಸುಗಳಲ್ಲಿ ಇದು ಸದ್ದಿಲ್ಲದೆ ನಡೆದು, ಐವತ್ತನೆಯವರ ಮೇಲ್‌ನಲ್ಲಿ ಮೊದಲ ನಲವತ್ತೊಂಬತ್ತು ಜನರ ವಿಳಾಸವೂ ಕಾಣುತ್ತದೆ. ಇಮೇಲ್‌ಮೆಸೇಜ್ ಎರಡನೇ 'ಟು' ಬಂದ ಕೂಡಲೇ ವ್ಯಾಲ್ಯೂಎರರ್ ಕೊಟ್ಟು ನಿಲ್ಲಿಸುತ್ತದೆ. ಈ ಒಂದೇ ಕಾರಣಕ್ಕಾದರೂ ಹಳೆಯ ಕೋಡ್ ಬದಲಿಸುವುದು ಒಳ್ಳೆಯದು. ಪ್ರತಿ ಸುತ್ತಿಗೂ ಹೊಸ ಮೆಸೇಜ್ ಕಟ್ಟಿ, ಅಥವಾ ಹಳೆಯ ಹೆಡರನ್ನು ಡೆಲ್ ಮಾಡಿ ಹೊಸದನ್ನು ಹಾಕಿ. ಫಾರ್ಮ್‌ನಿಂದ ಬಂದ ಸಬ್ಜೆಕ್ಟ್‌ನೊಳಗೆ ಯಾರಾದರೂ ಹೊಸ ಸಾಲು ತೂರಿಸಿ ಬಿಸಿಸಿ (ಉಳಿದವರಿಗೆ ಕಾಣದ ಪ್ರತಿ) ಹೆಡರ್ ಸೇರಿಸಲು ನೋಡಿದರೆ ಅದನ್ನೂ ಇದು ತಡೆಯುತ್ತದೆ.

ಕಳಿಸುವಾಗ ಸೆಂಡ್‌ಮೇಲ್ ಬದಲು ಸೆಂಡ್_ಮೆಸೇಜ್ ಕರೆಯಿರಿ. ಟು, ಸಿಸಿ, ಬಿಸಿಸಿ ಎಲ್ಲವನ್ನೂ ಓದಿ ಯಾರಿಗೆ ಮುಟ್ಟಿಸಬೇಕು ಎಂಬ ಪಟ್ಟಿ ಮಾಡಿಕೊಂಡು, ಹೊರಹೋಗುವ ಪ್ರತಿಯಿಂದ ಬಿಸಿಸಿ ಹೆಡರನ್ನು ತೆಗೆದುಹಾಕುತ್ತದೆ. ಸೆಂಡ್‌ಮೇಲ್‌ಗೆ ಈ ವಿವೇಕವಿಲ್ಲ, ಕೊಟ್ಟ ಪಠ್ಯವನ್ನು ಕೊಟ್ಟ ಹಾಗೇ ಸಾಗಿಸುತ್ತದೆ.

ಇನ್ನು ಸಂಪರ್ಕ. ಪೋರ್ಟ್ 587 ಆದರೆ ಎಸ್‌ಎಂಟಿಪಿ ಕ್ಲಾಸ್ ತೆರೆದು, ಸಾದಾ ಸಂಪರ್ಕಕ್ಕೆ ಟಿಎಲ್‌ಎಸ್ ಎಂಬ ಎನ್‌ಕ್ರಿಪ್ಶನ್ ಹಚ್ಚುವ ಸ್ಟಾರ್ಟ್‌ಟಿಎಲ್‌ಎಸ್ ಕರೆಯಬೇಕು. 465 ಆದರೆ ಮೊದಲಿನಿಂದಲೇ ಎನ್‌ಕ್ರಿಪ್ಟ್ ಮಾಡುವ ಎಸ್‌ಎಂಟಿಪಿ_ಎಸ್‌ಎಸ್‌ಎಲ್. 2018ರ ಆರ್‌ಎಫ್‌ಸಿ 8314 ಎಂಬ ಇಂಟರ್‌ನೆಟ್ ಮಾನದಂಡ ಎರಡನೆಯದಕ್ಕೇ ಒಲವು ತೋರಿಸುತ್ತದೆ, ಸರ್ವರ್‌ನಲ್ಲಿ ಇದ್ದರೆ ಅದನ್ನೇ ಬಳಸಿ. ಇವೆರಡು ಅದಲು ಬದಲಾದಾಗ ಕಾಣುವ ಲಕ್ಷಣ ಬೇರೆ ಬೇರೆ. 587ಕ್ಕೆ ಎಸ್‌ಎಂಟಿಪಿ_ಎಸ್‌ಎಸ್‌ಎಲ್ ಹಚ್ಚಿದರೆ 'ರಾಂಗ್ ವರ್ಷನ್ ನಂಬರ್' ಎಂಬ ಎಸ್‌ಎಸ್‌ಎಲ್ ದೋಷ ತಕ್ಷಣ ಬರುತ್ತದೆ, ಅದಕ್ಕೂ ವರ್ಷನ್‌ಗೂ ಸಂಬಂಧವೇ ಇಲ್ಲ. 465ಕ್ಕೆ ಬರಿಯ ಎಸ್‌ಎಂಟಿಪಿ ಹಚ್ಚಿದರೆ ಪ್ರೋಗ್ರಾಂ ಸುಮ್ಮನೆ ನಿಂತುಬಿಡುತ್ತದೆ. ಸರ್ವರ್ ಮೊದಲು ಮಾತಾಡಲಿ ಎಂದು ಅದು ಕಾಯುತ್ತದೆ, ಟಿಎಲ್‌ಎಸ್ ಶುರುವಾಗಲಿ ಎಂದು ಸರ್ವರ್ ಕಾಯುತ್ತದೆ. ಟೈಮ್‌ಔಟ್‌ಗೆ ಡಿಫಾಲ್ಟ್ ಬೆಲೆಯೇ ಇಲ್ಲದ್ದರಿಂದ ಸರ್ವರ್ ತಾನಾಗಿ ಕಡಿಯುವವರೆಗೆ ಹೀಗೇ ನಿಂತಿರುತ್ತದೆ. ಯಾವ ಪೋರ್ಟ್ ಆದರೂ ಟೈಮ್‌ಔಟ್ 30 ಎಂದು ಕೊಡುವುದನ್ನು ರೂಢಿ ಮಾಡಿಕೊಳ್ಳಿ.

ಎಲ್ಲಕ್ಕಿಂತ ಗಂಭೀರವಾದ ದೂರು ಸರ್ಟಿಫಿಕೇಟ್ ಬಗ್ಗೆ. ಸ್ಟಾರ್ಟ್‌ಟಿಎಲ್‌ಎಸ್ ಅನ್ನು ಖಾಲಿ ಆವರಣದೊಂದಿಗೆ ಕರೆದರೆ ಮಾತುಕತೆ ಎನ್‌ಕ್ರಿಪ್ಟ್ ಆಗುತ್ತದೆ, ಆದರೆ ಎದುರಿಗಿರುವುದು ನಿಜವಾದ ಸರ್ವರೇ ಎಂದು ಯಾರೂ ನೋಡುವುದಿಲ್ಲ. ಮಧ್ಯೆ ಕುಳಿತವನ ಕೈಗೆ ಪಾಸ್‌ವರ್ಡ್ ಕೊಟ್ಟಂತೆಯೇ. ಎಸ್‌ಎಂಟಿಪಿ_ಎಸ್‌ಎಸ್‌ಎಲ್ ಕಥೆಯೂ ಅಷ್ಟೇ. ಎಸ್‌ಎಸ್‌ಎಲ್ ಮಾಡ್ಯೂಲ್‌ನ ಕ್ರಿಯೇಟ್_ಡಿಫಾಲ್ಟ್_ಕಾಂಟೆಕ್ಸ್ಟ್ ಕರೆದು, ಸಿಕ್ಕಿದ್ದನ್ನು 'ಕಾಂಟೆಕ್ಸ್ಟ್' ಆಗಿ ದಾಟಿಸಿದರೆ ಸರ್ಟಿಫಿಕೇಟನ್ನೂ ಹೋಸ್ಟ್ ಹೆಸರನ್ನೂ ಪರೀಕ್ಷಿಸುತ್ತದೆ. ಒಂದೇ ಸಾಲಿನ ಕೆಲಸ. ಇದು ಡಿಫಾಲ್ಟ್ ಆಗಿಯೇ ಇರಬೇಕಿತ್ತು.

ಲಾಗಿನ್‌ನಲ್ಲಿ 535 (ಒಳಬಿಡುವುದಿಲ್ಲ ಎಂಬ ಸರ್ವರ್‌ನ ಉತ್ತರ) ಬಂದರೆ ಪಾಸ್‌ವರ್ಡ್ ಮತ್ತೆ ಮತ್ತೆ ಟೈಪಿಸುವ ಮೊದಲು ಅದು ಯಾವ ಪಾಸ್‌ವರ್ಡ್ ಎಂದು ನೋಡಿ. ವೈಯಕ್ತಿಕ ಜಿಮೇಲ್ ಖಾತೆಗಳಲ್ಲಿ ಸಾಮಾನ್ಯ ಪಾಸ್‌ವರ್ಡ್ ಬಳಸಿ ಒಳಹೋಗುವ ದಾರಿ 2022ರ ಮೇ ಕೊನೆಗೆ ಮುಚ್ಚಿತು. ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಪಾಸ್‌ವರ್ಡ್ ಬದಲು ಟೋಕನ್ ಬಳಸುವ ಓಆತ್2ಕ್ಕೆ ಲೈಬ್ರರಿಯಲ್ಲಿ ಸಿದ್ಧ ಬೆಂಬಲವಿಲ್ಲ, ಆತ್ ಮೆಥಡ್‌ಗೆ ನೀವೇ ಫಂಕ್ಷನ್ ಬರೆದು ಕೊಡಬೇಕು. ತೊಂದರೆ ಹುಡುಕಲು ಸೆಟ್_ಡೀಬಗ್‌ಲೆವೆಲ್ 1 ಬಹಳ ನೆರವಾಗುತ್ತದೆ, ಸರ್ವರ್ ಜೊತೆಗಿನ ಸಂಭಾಷಣೆಯೆಲ್ಲ ಸಾಲುಸಾಲಾಗಿ ಕಾಣುತ್ತದೆ. ಆ ಸಾಲುಗಳಲ್ಲಿ ನಿಮ್ಮ ಪಾಸ್‌ವರ್ಡ್ ಕೂಡ ಬೇಸ್64 ರೂಪದಲ್ಲಿ ಇರುತ್ತದೆ. ಬೇಸ್64 ಬಿಡಿಸುವುದು ಯಾರಿಗೂ ಕಷ್ಟವಲ್ಲ. ಆ ಔಟ್‌ಪುಟ್ ಅನ್ನು ಹಾಗೇ ಯಾರಿಗೂ ಕಳಿಸಬೇಡಿ, ಪ್ರೊಡಕ್ಷನ್ ಲಾಗ್‌ಗೂ ಬಿಡಬೇಡಿ.

ಸೆಂಡ್_ಮೆಸೇಜ್ ದೋಷವಿಲ್ಲದೆ ಮುಗಿಯಿತು ಎಂದರೆ ಎಲ್ಲರಿಗೂ ತಲುಪಿತು ಎಂದಲ್ಲ. ಹತ್ತು ವಿಳಾಸಗಳಲ್ಲಿ ಒಂದನ್ನು ಸರ್ವರ್ ಒಪ್ಪಿ ಒಂಬತ್ತನ್ನು ನಿರಾಕರಿಸಿದರೂ ಎಕ್ಸೆಪ್ಶನ್ ಬರುವುದಿಲ್ಲ. ನಿರಾಕರಿಸಿದವು ಹಿಂತಿರುಗಿಸುವ ಡಿಕ್ಷನರಿಯಲ್ಲಿ ಇರುತ್ತವೆ. ಆ ಬೆಲೆಯನ್ನು ಹಿಡಿದಿಡದ ಕೋಡ್‌ಗೆ ಅದು ಗೊತ್ತೇ ಆಗುವುದಿಲ್ಲ. ಎಸ್‌ಎಂಟಿಪಿರೆಸಿಪಿಯಂಟ್ಸ್‌ರೆಫ್ಯೂಸ್ಡ್ ಬರುವುದು ಹತ್ತೂ ವಿಳಾಸ ಬಿದ್ದಾಗ ಮಾತ್ರ. ಒಪ್ಪಿದ ವಿಳಾಸಕ್ಕೂ ಸರ್ವರ್ ಕೊಡುವ 250 ಕೋಡ್ ಎಂದರೆ 'ತೆಗೆದುಕೊಂಡೆ' ಎಂದಷ್ಟೇ ಅರ್ಥ. ಮುಂದೆ ಬೌನ್ಸ್ ಆದರೆ (ಮುಟ್ಟದೆ ಹಿಂತಿರುಗಿದರೆ) ಆ ಸುದ್ದಿ ಕಳಿಸಿದವರ ವಿಳಾಸಕ್ಕೆ ಮೇಲ್ ಆಗಿ ಬರುತ್ತದೆ, ನಿಮ್ಮ ಪ್ರೋಗ್ರಾಂಗಲ್ಲ. ಹಾಗಾಗಿ 'ಉತ್ತರಿಸಬೇಡಿ' ವಿಳಾಸದ ಹಿಂದೆಯೂ ಯಾರಾದರೂ ತೆರೆದು ನೋಡುವ ಪೆಟ್ಟಿಗೆ ಇರಲಿ. 4ರಿಂದ ಶುರುವಾಗುವ ಕೋಡ್ ತಾತ್ಕಾಲಿಕ, ಕೆಲವು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಬಹುದು. 5ರದು ಶಾಶ್ವತ, ಪಟ್ಟಿಯಿಂದ ತೆಗೆಯಿರಿ. ಮರುಪ್ರಯತ್ನದ ಸಾಲನ್ನು ಲೈಬ್ರರಿ ಇಟ್ಟುಕೊಳ್ಳುವುದಿಲ್ಲ, ಅದು ನಿಮ್ಮ ಜವಾಬ್ದಾರಿ.

ಮೇಲ್ ಸ್ಪ್ಯಾಮ್‌ಗೆ ಬೀಳುತ್ತಿದೆ ಎಂಬ ದೂರನ್ನು ಈ ಲೈಬ್ರರಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಮೇಲ್ ನಿಜಕ್ಕೂ ನಿಮ್ಮ ಡೊಮೇನ್‌ನದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಡೊಮೇನ್ ಕಡೆಯ ಕೆಲಸ. ಕೋಡ್ ಕಡೆಯಿಂದ ಮಾಡಬೇಕಾದದ್ದು ಡೇಟ್ ಮತ್ತು ಮೆಸೇಜ್-ಐಡಿ ಹೆಡರ್ ಹಾಕುವುದು. ಇಮೇಲ್‌ಮೆಸೇಜ್ ಇವನ್ನು ತಾನಾಗಿ ಸೇರಿಸುವುದಿಲ್ಲ. ಇಮೇಲ್ ಯುಟಿಲ್ಸ್‌ನ ಫಾರ್ಮ್ಯಾಟ್‌ಡೇಟ್, ಮೇಕ್_ಎಂಎಸ್‌ಜಿಐಡಿ ಬಳಸಿ. ಎರಡನೆಯದಕ್ಕೆ ಡೊಮೇನ್ ಕೊಡಿ, ಇಲ್ಲವಾದರೆ ನಿಮ್ಮ ಯಂತ್ರದ ಒಳಹೆಸರು ಪ್ರತಿ ಮೇಲ್‌ನಲ್ಲೂ ಹೊರಗೆ ಹೋಗುತ್ತದೆ.

ನೀವು ಬರೆದ ಫೈಲಿಗೆ ಇಮೇಲ್ ಡಾಟ್ ಪಿವೈ ಎಂದು ಹೆಸರಿಡಬೇಡಿ. ಪೈಥಾನ್ ತನ್ನ ಪ್ಯಾಕೇಜ್ ಬಿಟ್ಟು ಅದನ್ನೇ ಇಂಪೋರ್ಟ್ ಮಾಡಲು ಹೋಗಿ ಮುಗ್ಗರಿಸುತ್ತದೆ.

ದಿನಕ್ಕೆ ಕೆಲವು ನೂರು ಮೇಲ್‌ಗಳವರೆಗೆ ಇದನ್ನು ಧೈರ್ಯವಾಗಿ ಬಳಸಬಹುದು. ಸಾವಿರಾರು ಗ್ರಾಹಕರ ಪಟ್ಟಿ, ಬೌನ್ಸ್ ಲೆಕ್ಕ, ಅನ್‌ಸಬ್‌ಸ್ಕ್ರೈಬ್ ಎಲ್ಲ ಬೇಕಾದರೆ ಅದಕ್ಕೆಂದೇ ಇರುವ ಸೇವೆಯ ಎಪಿಐ ಹಿಡಿಯಿರಿ. ಅಸಿಂಕ್ ಕೋಡ್‌ನ (ಒಂದು ಕೆಲಸ ಕಾಯುವಾಗ ಇನ್ನೊಂದನ್ನು ನಡೆಸುವ ಕೋಡ್) ಒಳಗೆ ಇದನ್ನು ನೇರ ಕರೆದರೆ ಉಳಿದೆಲ್ಲ ಕೆಲಸ ತಡೆದು ನಿಲ್ಲುತ್ತದೆ, ಅಲ್ಲಿಗೆ ಎಐಓಎಸ್‌ಎಂಟಿಪಿಲಿಬ್ ಸರಿ. ಪರೀಕ್ಷೆಗೆ ಮಾತ್ರ ನಿಜವಾದ ವಿಳಾಸಗಳನ್ನು ಬಳಸಬೇಡಿ. ಮೊದಲು ಜೊತೆಗೇ ಬರುತ್ತಿದ್ದ ಎಸ್‌ಎಂಟಿಪಿಡಿ ಎಂಬ ಮೇಲ್ ಸರ್ವರ್ ಮಾಡ್ಯೂಲನ್ನು ಪೈಥಾನ್ 3.12ರಲ್ಲಿ ತೆಗೆದುಹಾಕಿದ್ದಾರೆ. ಪಿಪ್‌ನಿಂದ ಎಐಓಎಸ್‌ಎಂಟಿಪಿಡಿ ಹಾಕಿಕೊಂಡು ಲೋಕಲ್‌ಹೋಸ್ಟ್‌ನ 8025ನೇ ಪೋರ್ಟ್‌ನಲ್ಲಿ ಓಡಿಸಿ, ಲಾಗಿನ್ ಮತ್ತು ಟಿಎಲ್‌ಎಸ್ ಸಾಲುಗಳನ್ನು ಬಿಟ್ಟು ಅಲ್ಲಿಗೆ ಕಳಿಸಿದರೆ, ಹೆಡರ್ ಸಮೇತ ಇಡೀ ಮೆಸೇಜ್ ಟರ್ಮಿನಲ್‌ನಲ್ಲೇ ಬಂದು ಬೀಳುತ್ತದೆ.