ಮೂರು ಇಪ್ಪತ್ತೈದು ಪೌಂಡರ್‌ಗಳು, ಒಂದು ಕಪಾಟು

ಎರಡನೆಯ ಮಹಾಯುದ್ಧದ ಬ್ರಿಟಿಷ್ ಇಪ್ಪತ್ತೈದು ಪೌಂಡರ್, ಎಂದರೆ ಸುಮಾರು ಇಪ್ಪತ್ತೈದು ಪೌಂಡ್ ತೂಕದ ಗುಂಡು ಹಾರಿಸುತ್ತಿದ್ದ ಫಿರಂಗಿಯ ಮಾದರಿಯನ್ನು ನಾನು ಮೂರು ಬಗೆಯಲ್ಲಿ ಕೊಂಡಿದ್ದೇನೆ: ಟಮಿಯಾ ಕಂಪನಿಯ 1/35 ಅಳತೆಯ (ನಿಜವಾದ ಫಿರಂಗಿಯ ಮೂವತ್ತೈದರಲ್ಲಿ ಒಂದು ಪಾಲಿನಷ್ಟು) ಪ್ಲಾಸ್ಟಿಕ್ ಕಿಟ್, ಏರ್‌ಫಿಕ್ಸ್‌ನ 1/76 ಅಳತೆಯ ಪುಟ್ಟ ಕಿಟ್, ಮತ್ತು ಬಣ್ಣ ಬಳಿದು ಸಿದ್ಧವಾಗಿಯೇ ಬರುವ ಒಂದು ಡೈ-ಕಾಸ್ಟ್, ಎಂದರೆ ಅಚ್ಚಿನಲ್ಲಿ ಎರೆದ ಲೋಹದ ಮಾದರಿ. ಮೂರನೆಯದರ ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನನ್ನ ಒಲವು ಏರ್‌ಫಿಕ್ಸ್‌ನ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೂರರಲ್ಲಿ ಅತ್ಯಂತ ಅಗ್ಗದ್ದೂ ಅದೇ ಆಗಿರುವುದರಿಂದ, ಇದು ಜಿಪುಣನ ತೀರ್ಪೆಂದು ಯಾರಾದರೂ ತಿಳಿದರೆ ನಾನು ವಾದಕ್ಕೆ ನಿಲ್ಲುವುದಿಲ್ಲ.

ಟ್ಯಾಂಕಿನ ಮಾದರಿಯನ್ನು ಒಂಟಿಯಾಗಿಟ್ಟರೂ ಅದು ಟ್ಯಾಂಕಾಗಿಯೇ ಕಾಣುತ್ತದೆ, ಆದರೆ ಒಂಟಿ ಫಿರಂಗಿ ಮಾತ್ರ ಎತ್ತು ಬಿಚ್ಚಿದ ಬಂಡಿಯ ಹಾಗೆ ಅರ್ಧಕ್ಕೇ ನಿಂತುಬಿಡುತ್ತದೆ. ಇಪ್ಪತ್ತೈದು ಪೌಂಡರನ್ನು ಎಳೆಯುತ್ತಿದ್ದುದು ಕ್ವಾಡ್ ಎಂಬ ಬೆನ್ನು ಇಳಿಜಾರಾದ ಟ್ರಾಕ್ಟರ್. ಇವೆರಡರ ನಡುವೆ ಮದ್ದುಗುಂಡು ತುಂಬಿದ ಲಿಂಬರ್ ಎಂಬ ಎರಡು ಗಾಲಿಯ ಪೆಟ್ಟಿಗೆ. ಇಂಥ ನಾಲ್ಕು ಫಿರಂಗಿಗಳು ಸೇರಿದರೆ ಒಂದು ಟ್ರೂಪ್, ಎರಡು ಟ್ರೂಪ್ ಸೇರಿದರೆ ಎಂಟು ಫಿರಂಗಿಗಳ ಬ್ಯಾಟರಿ, ಮೂರು ಬ್ಯಾಟರಿಗಳಿಗೆ ಒಂದು ಫೀಲ್ಡ್ ರೆಜಿಮೆಂಟ್. ಉತ್ತರ ಆಫ್ರಿಕದಲ್ಲಾಗಲಿ ಇಂಫಾಲದಲ್ಲಾಗಲಿ ಇವು ಗುಂಡು ಹಾರಿಸಿದ್ದು ಗುಂಪಾಗಿಯೇ. ಆದ್ದರಿಂದ ನನಗೆ ಬೇಕಾಗಿದ್ದುದು ಕಡೆಯ ಪಕ್ಷ ಒಂದು ಟ್ರೂಪ್, ಎಂದರೆ ನಾಲ್ಕು ಫಿರಂಗಿ, ನಾಲ್ಕು ಲಿಂಬರ್, ನಾಲ್ಕು ಕ್ವಾಡ್. ನನ್ನ ಕಪಾಟಿನ ಉದ್ದವಾದರೋ ಬರಿಯ ಮೂರಡಿ.

ಟಮಿಯಾದ ಕಿಟ್ ಚೆಂದದಲ್ಲಿ ಉಳಿದೆರಡನ್ನೂ ಮೀರಿಸುತ್ತದೆ. 1960ರ ದಶಕದ ಆರಂಭದಲ್ಲಿ ಮೋಟಾರು ಮತ್ತು ಬ್ಯಾಟರಿ ಸೆಲ್ಲುಗಳು ಒಳಗೆ ಹಿಡಿಸುವಷ್ಟು ದೊಡ್ಡದಾಗಿ ಟಮಿಯಾ ಮಾಡಿದ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಆಮೇಲೆ ಅಳೆದು ನೋಡಿದಾಗ ಸಿಕ್ಕಿದ್ದು 1/35 ಎಂಬ ಈ ವಿಚಿತ್ರ ಅಳತೆ, ಇಂದು ಸೇನಾ ಮಾದರಿಗಳ ಲೋಕವೆಲ್ಲ ಅದನ್ನೇ ಹಿಡಿದು ನಡೆಯುತ್ತಿದೆ. ಈ ಅಳತೆಯಲ್ಲಿ ನಳಿಕೆಯೊಂದೇ ಸುಮಾರು ಏಳು ಸೆಂಟಿಮೀಟರ್ ಬರುತ್ತದೆ. ಇಪ್ಪತ್ತೈದು ಪೌಂಡರಿನ ಹೆಗ್ಗುರುತಾದ ದುಂಡನೆಯ ಹಾಸುಚಕ್ರವನ್ನು, ಎಂದರೆ ನೆಲಕ್ಕೆ ಹಾಕಿ ಗಾಲಿಗಳನ್ನು ಅದರ ಮೇಲೆ ಹತ್ತಿಸಿದರೆ ಒಬ್ಬನೇ ಸೈನಿಕ ಫಿರಂಗಿಯನ್ನು ಸುತ್ತಲೂ ತಿರುಗಿಸಬಹುದಾಗಿದ್ದ ಆ ತಟ್ಟೆಯನ್ನು, ಇಲ್ಲಿ ಕಣ್ತುಂಬ ನೋಡಬಹುದು. ಆದರೆ ಕ್ವಾಡ್, ಲಿಂಬರ್, ಫಿರಂಗಿಗಳ ಒಂದು ಸಾಲು ಒಂದಡಿಗಿಂತ ಉದ್ದವಾಗುತ್ತದೆ. ಅಂಥ ನಾಲ್ಕು ಸಾಲುಗಳಿಗೆ ನನ್ನಲ್ಲಿ ಜಾಗವೂ ಇಲ್ಲ, ದುಡ್ಡೂ ಇಲ್ಲ.

ಈಗ ಡೈ-ಕಾಸ್ಟ್ ಮಾದರಿಯ ವಿಷಯ. ಅಂಟು, ಬಣ್ಣ, ಮರಳುಕಾಗದಗಳ ಗೊಡವೆಯಿಲ್ಲದೆ ಪೆಟ್ಟಿಗೆಯಿಂದ ತೆಗೆದು ಕಪಾಟಿನಲ್ಲಿಡಬಹುದು ಎಂಬ ಒಂದೇ ಆಸೆಗೆ ಅದನ್ನು ಕೊಂಡೆ. ಕೈಗೆತ್ತಿಕೊಂಡರೆ ಲೋಹದ ತೂಕ ಹಿತವಾಗಿತ್ತು, ಗಾಲಿಗಳಿಗೆ ಮೆತ್ತನೆಯ ಕಪ್ಪು ಟೈರುಗಳಿದ್ದವು, ಅವು ಬೆರಳಲ್ಲಿ ಒತ್ತಿದರೆ ನಿಜವಾದ ರಬ್ಬರಿನ ಹಾಗೆ ಜಗ್ಗುತ್ತಿದ್ದವು. ನಾನದನ್ನು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯಿಂದ ಮಾಡಿದ, ಮರುಭೂಮಿಯ ಬಣ್ಣ ಬಳಿದ ಪೀಠದ ಮೇಲೆ ನಿಲ್ಲಿಸಿದೆ. ಎರಡು ಬೇಸಿಗೆ ಕಳೆದ ಮೇಲೆ, ಧೂಳು ಒರೆಸಲೆಂದು ಎತ್ತಹೋದರೆ ಫಿರಂಗಿಯ ಜೊತೆಗೆ ಪೀಠವೂ ಎದ್ದು ಬಂತು. ಟೈರುಗಳು ಪೀಠದೊಳಕ್ಕೆ ಇಳಿದಿದ್ದವು. ಎಡಗಾಲಿಯ ನಡುವಿನ ಪ್ಲಾಸ್ಟಿಕ್ ಬಿಲ್ಲೆ ಬೆಲ್ಲದ ಪಾಕದಂತೆ ಮೆತ್ತಗಾಗಿ ಫಿರಂಗಿ ಒಂದು ಬದಿಗೆ ವಾಲಿತ್ತು.

ಇದು ಅಂಟಿನ ಕೆಲಸವಿರಬೇಕೆಂದು ನಾನು ಮೊದಲು ತಿಳಿದಿದ್ದೆ, ಆದರೆ ಅಲ್ಲಿ ಅಂಟನ್ನೇ ಹಾಕಿರಲಿಲ್ಲ. ಆ ಟೈರುಗಳು ರಬ್ಬರಿನವಲ್ಲ, ವಿನೈಲಿನವು, ಎಂದರೆ ಪಿವಿಸಿ ಪ್ಲಾಸ್ಟಿಕ್ಕಿನವು. ಸಹಜವಾಗಿ ಗಡುಸಾದ ಪಿವಿಸಿಯನ್ನು ಮೆದುವಾಗಿಸಲು ಅದರಲ್ಲಿ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವವನ್ನು ಬೆರೆಸುತ್ತಾರೆ; ಅದು ಪಿವಿಸಿಯೊಡನೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲವಾದ್ದರಿಂದ ಕಾಲಕ್ರಮದಲ್ಲಿ ಹೊರಕ್ಕೆ ಒಸರುತ್ತದೆ, ಒಸರಿದ್ದು ಪಾಲಿಸ್ಟೈರೀನನ್ನು ಮುಟ್ಟಿದರೆ ಅದನ್ನೂ ಮೆತ್ತಗಾಗಿಸುತ್ತದೆ. ಸೆಕೆ ಹೆಚ್ಚಿದಷ್ಟೂ ಈ ಒಸರುವಿಕೆ ಚುರುಕಾಗುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ, ಮಧ್ಯಾಹ್ನವೆಲ್ಲ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಅದಕ್ಕೆ ಬೇಕಾದ ಅನುಕೂಲಗಳೆಲ್ಲವೂ ಇದ್ದವು. ಚಳಿಯ ದೇಶದಲ್ಲಿ ಇದೇ ಮಾದರಿ ಇನ್ನಷ್ಟು ವರ್ಷ ನೆಟ್ಟಗೆ ನಿಲ್ಲುತ್ತಿತ್ತೇನೋ.

ದುರಸ್ತಿಯಲ್ಲಿ ಮೂರು ಭಾನುವಾರಗಳು ಹೋದವು. ಮೊದಲು ಟೈರು ಮತ್ತು ಬಿಲ್ಲೆಗಳ ನಡುವೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ತೆಳುವಾಗಿ ಸುತ್ತಿ ನೋಡಿದೆ. ಅಂಚಿನಲ್ಲಿ ಬೆಳ್ಳಗೆ ಮಿಂಚಿ ಕಣ್ಣಿಗೆ ಚುಚ್ಚತೊಡಗಿತು. ಆಮೇಲೆ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿಗೆ ಹೋಗಿ, ಗಾಲಿಯನ್ನೇ ತೋರಿಸಿ, ಅದಕ್ಕೆ ಹೊಂದುವ ಓ-ರಿಂಗ್ ಎಂಬ ರಬ್ಬರ್ ಬಳೆಗಳನ್ನು ತಂದೆ. ಅಂಗಡಿಯವರು ಇದು ಯಾವ ಪಂಪಿನದೆಂದು ಕೇಳಿದಾಗ ಫಿರಂಗಿಯದೆಂದು ಹೇಳುವ ಧೈರ್ಯವಾಗಲಿಲ್ಲ. ಓ-ರಿಂಗ್ ಗಾಲಿಗೆ ಸರಿಯಾಗಿಯೇ ಕೂತಿತು, ಆದರೆ ಫಿರಂಗಿಗೆ ಸೈಕಲ್ ಗಾಲಿ ಹಾಕಿದ ಹಾಗೆ ಕಾಣುತ್ತಿತ್ತು. ಕೊನೆಗೆ ಸೋರಿಕೆ ಮುಚ್ಚುವ ಎಂ-ಸೀಲ್ ಮೆತ್ತನ್ನು ಕಲಸಿ, ಗಾಲಿಯ ಸುತ್ತ ಮೆತ್ತಿ, ಗಟ್ಟಿಯಾಗುವ ಮುಂಚೆ ಚಾಕುವಿನ ತುದಿಯಿಂದ ಗೀರುಗಳನ್ನು ಕೊರೆದು ಕಪ್ಪು ಬಣ್ಣ ಬಳಿದೆ. ಅಂಟು, ಬಣ್ಣ, ಮರಳುಕಾಗದಗಳಿಂದ ತಪ್ಪಿಸಿಕೊಳ್ಳಲೆಂದು ಕೊಂಡ ಮಾದರಿಗೆ ನಾನು ಉಳಿದೆರಡು ಕಿಟ್‌ಗಳಿಗಿಂತ ಹೆಚ್ಚು ಕೆಲಸ ಮಾಡಬೇಕಾಯಿತು.

ಅದೇ ಮಾದರಿಯಲ್ಲಿ ಇನ್ನೊಂದು ಸಣ್ಣ ತಪ್ಪಿದೆ. ಪೆಟ್ಟಿಗೆಯ ಮೇಲೆ 1942ರ ಎಲ್ ಅಲಮೈನ್ (ಈಜಿಪ್ಟಿನಲ್ಲಿ ನಡೆದ ಯುದ್ಧ) ಎಂದಿದೆ, ಫಿರಂಗಿಯ ಮೂತಿಯಲ್ಲಿ ಮಾತ್ರ ಮಝಲ್ ಬ್ರೇಕ್, ಎಂದರೆ ಗುಂಡು ಹಾರಿದಾಗಿನ ಹಿಂದೊದೆತವನ್ನು ತಗ್ಗಿಸುವ ತೂತುಳ್ಳ ತುಂಡು, ಇದೆ. ಆ ಯುದ್ಧದ ಛಾಯಾಚಿತ್ರಗಳಲ್ಲಿ ಬಹುಮಟ್ಟಿಗೆ ಕಾಣುವುದು ಬರಿಯ ಮೂತಿಯ ಫಿರಂಗಿಗಳು.

ಏರ್‌ಫಿಕ್ಸ್‌ನ ಕಿಟ್ 1960ರ ದಶಕದ್ದು. ಬ್ರಿಟನ್ನಿನ ಆಟಿಕೆ ರೈಲುಗಳ ಅಳತೆಯಾದ, ಒಂದು ಅಡಿಗೆ ನಾಲ್ಕು ಮಿಲಿಮೀಟರ್ ಎಂಬ ಲೆಕ್ಕದಿಂದ ಹುಟ್ಟಿದ್ದು ಈ 1/76. ಕ್ವಾಡ್, ಲಿಂಬರ್, ಫಿರಂಗಿ ಮೂರೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ, ಮೂರನ್ನೂ ಸಾಲಾಗಿ ಜೋಡಿಸಿದರೂ ಒಂದು ಗೇಣು ಆಗುವುದಿಲ್ಲ. ಗಾಲಿ ಮತ್ತು ಟೈರುಗಳು ಒಂದೇ ಗಡುಸು ಪ್ಲಾಸ್ಟಿಕ್ಕಿನವು. ಡೈ-ಕಾಸ್ಟ್‌ನಿಂದ ಪಾಠ ಕಲಿತವನಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಬೇಕಿಲ್ಲ. ನಳಿಕೆ ಮೂರು ಸೆಂಟಿಮೀಟರಿಗೆ ತುಸು ಹೆಚ್ಚಷ್ಟೆ, ಹಾಗಾಗಿ ಗುರಿಯ ಉಪಕರಣಗಳೂ ಹಿಡಿಗಳೂ ಬರಿಯ ಸೂಚನೆಯಾಗಿ ಉಳಿಯುತ್ತವೆ. ನಲವತ್ತು ದಾಟಿದ ಕಣ್ಣಿಗೆ ಭೂತಗನ್ನಡಿಯಿಲ್ಲದೆ ಅಂಟು ಹಾಕಲು ಆಗದು. ಬಣ್ಣದ ಕೆಲಸ ಮಾತ್ರ ಸುಲಭ, ಸಣ್ಣ ಡಬ್ಬಿಯೊಂದರಲ್ಲಿ ಇಡೀ ಟ್ರೂಪ್ ಮುಗಿಯುತ್ತದೆ.

ನಾನು ವರ್ಷಕ್ಕೆ ಒಂದೆರಡು ಕಿಟ್ ಕೊಳ್ಳುವವನು, ರಾತ್ರಿ ಊಟವಾದ ಮೇಲೆ ಸಿಗುವ ಮುಕ್ಕಾಲು ಗಂಟೆಯಲ್ಲಿ ಕೂತು ಜೋಡಿಸುವವನು. ಇಂಥವನಿಗೆ ಟಮಿಯಾದ ಒಂದು ಸಾಲು ಮೂರು ತಿಂಗಳ ಕೆಲಸವಾದರೆ ಏರ್‌ಫಿಕ್ಸ್‌ನ ಒಂದು ಪೆಟ್ಟಿಗೆ ಎರಡು ವಾರದಲ್ಲಿ ಮುಗಿಯುತ್ತದೆ. ಒಂದೇ ಫಿರಂಗಿಯನ್ನು ಮೇಜಿನ ಮೇಲೆ ಅಲಂಕಾರವಾಗಿ ಇಡಬೇಕೆನ್ನುವವರು, ಕೈಯಲ್ಲಿ ತುಸು ದುಡ್ಡಿದ್ದರೆ, ಟಮಿಯಾದ್ದನ್ನೇ ತೆಗೆದುಕೊಳ್ಳಲಿ. ಸಿದ್ಧ ಮಾದರಿಯೇ ಬೇಕೆನ್ನುವವರು ಕೊಳ್ಳುವ ಮುಂಚೆ ಟೈರನ್ನು ಒತ್ತಿ ನೋಡಲಿ. ಮೆತ್ತಗಿದ್ದರೆ ಪ್ಲಾಸ್ಟಿಕ್ ಪೀಠದ ಮೇಲಿಡದೆ ಮರದ ಹಲಗೆಯ ಮೇಲಿಡಲಿ. ನನ್ನ ಡೈ-ಕಾಸ್ಟ್ ಈಗ ತೇಗದ ತುಂಡೊಂದರ ಮೇಲೆ ನಿಂತಿದೆ. ಅದರ ಕೆಳಗಿನ ಅಟ್ಟದಲ್ಲಿ ಏರ್‌ಫಿಕ್ಸ್‌ನ ಮೂರು ಸಾಲುಗಳಿವೆ. ನಾಲ್ಕನೆಯ ಪೆಟ್ಟಿಗೆ ಬಂದಿದೆ, ಇನ್ನೂ ಬಿಚ್ಚಿಲ್ಲ.