ಇಳಿಜಾರಿಗೆ ಡೈನಮಿಕ್ ಬ್ರೇಕೇ ಸರಿ

ಟ್ರೈನ್ ಸಿಮ್ ವರ್ಲ್ಡ್ ಎಂಬ ರೈಲು ಓಡಿಸುವ ಕಂಪ್ಯೂಟರ್ ಆಟಕ್ಕೆ ಎರಡು ರೂಟ್ ಕೊಂಡೆ. ಒಂದು ಅಮೆರಿಕದ ಸ್ಯಾಂಡ್ ಪ್ಯಾಚ್ ಗ್ರೇಡ್. ಇನ್ನೊಂದು ಜರ್ಮನಿಯ ಹಾಗೆನ್‌ನಿಂದ ಫಿನ್ನೆನ್‌ಟ್ರೋಪ್‌ವರೆಗಿನ ರೂರ್-ಜೀಗ್ ನಾರ್ಡ್. ಎರಡರಲ್ಲೂ ನಾನು ಓಡಿಸುವುದು ಗೂಡ್ಸ್ ಗಾಡಿಯೇ. ಜರ್ಮನಿಯ 185.2 ಇಂಜಿನ್‌ನಲ್ಲಿ ನಾವು ಕೊಟ್ಟ ವೇಗವನ್ನು ತಾನೇ ಕಾಯುವ ಎಎಫ್‌ಬಿ ಎಂಬ ಕ್ರೂಸ್ ಕಂಟ್ರೋಲ್ ಇದೆ. ಅಮೆರಿಕದ ಎಸಿ4400ಸಿಡಬ್ಲ್ಯೂ ಡೀಸೆಲ್‌ನಲ್ಲಿ ಇಳಿಜಾರು ಬಂದರೆ, ಮೋಟಾರ್‌ಗಳಿಂದಲೇ ವೇಗ ತಗ್ಗಿಸುವ ಡೈನಮಿಕ್ ಬ್ರೇಕನ್ನು ನಾವೇ ಹಿಡಿದುಕೊಂಡು ಇಳಿಯಬೇಕು. ನನ್ನ ಮನಸ್ಸು ಗೆದ್ದದ್ದು ಈ ಡೀಸೆಲ್ಲೇ.

ಸಮತಟ್ಟಾದ ಹಳಿಯಲ್ಲಿ ಎಎಫ್‌ಬಿಗೆ ಸಾಟಿಯಿಲ್ಲ, ಒಪ್ಪುತ್ತೇನೆ.

ತೊಂದರೆ ಶುರುವಾಗುವುದು ಸಿಗ್ನಲ್ ಹತ್ತಿರ. ಎಎಫ್‌ಬಿಗೆ ನಾವು ಕೊಟ್ಟ ವೇಗವೊಂದೇ ಗೊತ್ತು, ಮುಂದಿನ ಸಿಗ್ನಲ್ ಗೊತ್ತಿಲ್ಲ. ಲೆನ್ನೆ ನದಿಯ ಕಣಿವೆಯಲ್ಲಿ ತಿರುವುಗಳು ಜಾಸ್ತಿ. ಹಳದಿ ಸಿಗ್ನಲ್ ದಾಟಿದ ಕೂಡಲೇ ಪಿಝಡ್‌ಬಿ ಎಂಬ ಸುರಕ್ಷತಾ ವ್ಯವಸ್ಥೆಗೆ 4 ಸೆಕೆಂಡಿನೊಳಗೆ ಗುಂಡಿ ಒತ್ತಿ ಉತ್ತರ ಕೊಡಬೇಕು. ಆಮೇಲೆ ಎಂ ಮೋಡ್‌ನಲ್ಲಿರುವ (ಅಂದರೆ ಮಧ್ಯಮ ಬ್ರೇಕ್ ಬಲದ) ಗೂಡ್ಸ್ 29 ಸೆಕೆಂಡಿನಲ್ಲಿ ಗಂಟೆಗೆ 70 ಕಿಲೋಮೀಟರಿಗೆ ಇಳಿದಿರಬೇಕು.

ಎಎಫ್‌ಬಿ ಲಿವರನ್ನು 65ಕ್ಕೆ ಎಳೆದರೆ ಸಾಕು ಅಂತ ಅನಿಸುತ್ತದೆ, ಅಲ್ವಾ? ಸಾಕಾಗುವುದಿಲ್ಲ. ಅದು ಹಿಡಿಯುವುದು ಇಂಜಿನ್ನಿನ ಮೋಟಾರ್ ಬ್ರೇಕನ್ನು ಮಾತ್ರ. ಹಿಂದಿನ ಭರ್ತಿ ವ್ಯಾಗನ್‌ಗಳು ತಳ್ಳುತ್ತಲೇ ಇರುತ್ತವೆ. ವೇಗ ಸಾಕಷ್ಟು ಇಳಿಯದಿದ್ದರೆ ಎಮರ್ಜೆನ್ಸಿ ಬ್ರೇಕ್ ಬಿದ್ದು ಇಡೀ ಗಾಡಿ ನಿಂತುಬಿಡುತ್ತದೆ. ಹಾಗಾಗಿ ವ್ಯಾಗನ್‌ಗಳನ್ನೂ ಹಿಡಿಯುವ ಗಾಳಿ ಬ್ರೇಕನ್ನೂ ಹಾಕಬೇಕು. ಒಂದೇ ಕೆಲಸಕ್ಕೆ ಎರಡು ಲಿವರ್. ಗಾಡಿಯನ್ನು ಯಾವುದು ಹಿಡಿಯುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಎಎಫ್‌ಬಿ ಲಿವರ್ ಹೆಚ್ಚಿನ ವೇಗದಲ್ಲೇ ಉಳಿದಿದ್ದರೆ, ಬ್ರೇಕ್ ಬಿಟ್ಟ ಮೇಲೆ ಇಂಜಿನ್ ಮತ್ತೆ ಎಳೆಯಲು ಹೊರಡುತ್ತದೆ. ನನಗೆ ಸಹಿಸಲಾಗದ್ದು ಇದೇ.

ಸ್ಯಾಂಡ್ ಪ್ಯಾಚ್ ನೆತ್ತಿಯಿಂದ ಕಂಬರ್‌ಲ್ಯಾಂಡ್ ಕಡೆಗೆ ಕಲ್ಲಿದ್ದಲು ಗಾಡಿ ಇಳಿಸುವುದೇ ಬೇರೆ ಅನುಭವ. ಕಡಿದಾದ ಕಡೆ ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ 50ಕ್ಕೆ 1ರ ಇಳಿಜಾರಿನ ಹತ್ತಿರಕ್ಕೆ ಬರುತ್ತದೆ. ಮೊದಲು ಥ್ರಾಟಲ್ ಐಡಲ್‌ಗೆ ತರಬೇಕು. ಹತ್ತು ಸೆಕೆಂಡ್ ಕಾಯಬೇಕು. ಆಮೇಲೆ ಡೈನಮಿಕ್ ಹಿಡಿಯನ್ನು ಸೆಟಪ್ ಎಂಬ ಸಿದ್ಧತೆಯ ಸ್ಥಾನಕ್ಕೆ ತಂದು, ನಿಧಾನಕ್ಕೆ ಏರಿಸುತ್ತಾ ಹೋಗಬೇಕು. ಹಿಂದಿನ ವ್ಯಾಗನ್‌ಗಳು ಒಂದೊಂದಾಗಿ ಇಂಜಿನ್ನಿಗೆ ಒತ್ತಿ ಕೂರುತ್ತವೆ. ಆತುರಪಟ್ಟರೆ ಧಡಾರ್ ಅಂತ ಗುದ್ದುತ್ತವೆ. ಸೈಕಲ್ ಡೈನಮೋವನ್ನು ಟೈರಿಗೆ ತಾಗಿಸಿದರೆ ಪೆಡಲ್ ಭಾರವಾಗುತ್ತದಲ್ಲ, ಇಲ್ಲೂ ಅದೇ ತತ್ವ: ಚಕ್ರ ತಿರುಗಿಸುವ ಮೋಟಾರೇ ಕರೆಂಟ್ ಹುಟ್ಟಿಸುತ್ತದೆ. ಆ ಕರೆಂಟು ಇಂಜಿನ್ನಿನ ರೆಸಿಸ್ಟರ್ ಗ್ರಿಡ್‌ಗಳಲ್ಲಿ ಬಿಸಿಯಾಗಿ ಹೊರಗೆ ಹೋಗುತ್ತದೆ.

ಭಾರದ ಗಾಡಿಗೆ ಇದೊಂದೇ ಸಾಲದು, ಗಾಳಿ ಬ್ರೇಕೂ ಬೇಕು. ಆದರೆ ಅಮೆರಿಕದ ಗೂಡ್ಸ್‌ನಲ್ಲಿ ಗಾಳಿ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಲು ಬರುವುದಿಲ್ಲ. ಬಿಟ್ಟರೆ ಪೂರ್ತಿ ಬಿಡುತ್ತದೆ. ಪೈಪಿಗೆ ಮತ್ತೆ ಗಾಳಿ ತುಂಬಲು ಹೊತ್ತು ಹಿಡಿಯುತ್ತದೆ. ಅದಕ್ಕೇ ಒಮ್ಮೆ ಹಗುರವಾಗಿ ಗಾಳಿ ಬ್ರೇಕ್ ಹಾಕಿ ಹಾಗೇ ಇಟ್ಟು, ಹೆಚ್ಚುಕಡಿಮೆಯನ್ನೆಲ್ಲ ಡೈನಮಿಕ್‌ನಲ್ಲೇ ಸರಿತೂಗಿಸುತ್ತೇನೆ. ಇಲ್ಲಿ ಯಾವ ಬ್ರೇಕಿನ ಪಾಲು ಎಷ್ಟು ಅಂತ ನನಗೆ ಸ್ಪಷ್ಟವಾಗಿ ಗೊತ್ತಿರುತ್ತದೆ. ಆದರೆ ಅದೇ ರೂಟಿನ ಹಳೆಯ ಎಸ್‌ಡಿ40-2 ಇಂಜಿನ್ನಿನಲ್ಲಿ ವೇಗ ತೀರಾ ಇಳಿದರೆ ಡೈನಮಿಕ್ ಬ್ರೇಕೂ ಸೋಲುತ್ತದೆ.

ನಾನು ಆಡುವುದು ರಾತ್ರಿ ಊಟವಾದ ಮೇಲೆ, ಹಳೇ ಲ್ಯಾಪ್‌ಟಾಪಿನಲ್ಲಿ. ದುಬಾರಿ ಲಿವರ್ ಸೆಟ್ ಇಲ್ಲ, ಎರಡಕ್ಕೂ ಕೀಬೋರ್ಡೇ ಸಾಕು. ಇರುವ ದುಡ್ಡಿಗೆ ಒಂದೇ ರೂಟ್ ಬರುತ್ತದೆ ಅಂದರೆ ಸ್ಯಾಂಡ್ ಪ್ಯಾಚ್ ತಗೊಳ್ಳಿ. ಟೈಮಿಗೆ ಸರಿಯಾಗಿ ಪ್ಯಾಸೆಂಜರ್ ಗಾಡಿ ಓಡಿಸುವುದೇ ನಿಮ್ಮ ಖುಷಿಯಾದರೆ ಮಾತ್ರ ಎಎಫ್‌ಬಿ ಇರುವ ಜರ್ಮನ್ ರೂಟ್ ನೋಡಿ.